ಒಂದು ‘ಲೇ’ಯ ಕೊರತೆ

ನಮ್ಮತ್ತೆಗೆ ಮಾತಿನಲ್ಲಿ ಭಾರಿ ಜಿಪುಣತನ. ದರ್ಜಿ ಅಂಗಡಿಯಲ್ಲಿ ಕಾಲರ್ ಹೊಲಿಯುವುದು ಅವಳ ಕೆಲಸ. ದಾರವನ್ನು ಹಲ್ಲಲ್ಲಿ ಕಡಿದ ಹಾಗೆ ಮಾತನ್ನೂ ಕಡಿದುಬಿಡುತ್ತಿದ್ದಳು. ಅವಳ ಅಣ್ಣ, ಅಂದರೆ ನಮ್ಮಪ್ಪ, ಅದಕ್ಕೆ ತದ್ವಿರುದ್ಧ. “ಲೇ, ನೀರು! ಲೇ, ಚಪ್ಪಲಿ ಎಲ್ಲಿ?” ಎಂದು ಬೆಳಗಿನಿಂದ ಅವನ ಬಾಯಲ್ಲಿ ‘ಲೇ’ ಉದುರುತ್ತಲೇ ಇರುತ್ತಿತ್ತು.

ಅಜ್ಜಿ ಹಾಸಿಗೆ ಹಿಡಿದಾಗ ಅಪ್ಪ ಒಂದೇ ಮಾತಲ್ಲಿ ತೀರ್ಮಾನ ಮಾಡಿದ: “ನೀನು ಅಮ್ಮನ ಹತ್ರ ಇರ್ಲೇಬೇಕು.” ತನ್ನ ಸರದಿ ಬಂದರೆ ಮಾತ್ರ ‘ಆದ್ರೆ ನೋಡಬಹುದು’ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ‘ಬಹುದು’ಗಳೆಲ್ಲ ಗಂಡಸರಿಗೆ, ‘ಬೇಕು’ಗಳೆಲ್ಲ ಅತ್ತೆಗೆ.

ಅದೇ ಹೊತ್ತಿಗೆ ಅಂಗಡಿಯ ಕಟಿಂಗ್ ಮಾಸ್ಟರ್ ಬೇರೆ ಊರಲ್ಲಿ ಸ್ವಂತ ಅಂಗಡಿ ಇಡಲು ಹೊರಟ. ಅತ್ತೆಯ ಮೇಲೆ ಅವನಿಗೆ ಮನಸ್ಸಿತ್ತು, ಅವಳಿಗೂ ಇತ್ತು. ಹೊರಡುವ ಮುನ್ನ ಕತ್ತರಿ ಬದಿಗಿಟ್ಟು ಕೇಳಿದನಂತೆ: “ಮದುವೆ ಮಾಡ್ಕೊಂಡು ನೀವೂ ಜೊತೆಗೆ ಬರಬಹುದಲ್ವಾ?” ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದವಳು ಆಮೇಲೆ ನನಗೆ ಹೇಳಿದ್ದು.

ಅತ್ತೆ ತಲೆ ಎತ್ತದೆ ಹೇಳಿದ್ದು ಇಷ್ಟೇ: “ನಾನು ಅಮ್ಮನ ಹತ್ರ ಇರ್ಬೇಕು.”

ಇರದೆ ಗತಿಯಿಲ್ಲ ಎಂದು ಅವಳ ಅರ್ಥ. ಇರಲು ಆಸೆ ಎಂದು ಅವನು ಕೇಳಿಸಿಕೊಂಡ. ಎರಡಕ್ಕೂ ನಮ್ಮಲ್ಲಿ ಒಂದೇ ‘ಬೇಕು’. ‘ಇರಲೇಬೇಕು’ ಎಂದಿದ್ದರೆ ಆ ಮನುಷ್ಯ, ಒಳ್ಳೆಯವನೇ, ‘ಯಾರ ಬಲವಂತ?’ ಎಂದಾದರೂ ಕೇಳುತ್ತಿದ್ದ. ಅಣ್ಣ ಮನೆತುಂಬ ಚೆಲ್ಲಿದ್ದ ‘ಲೇ’ಗಳಲ್ಲಿ ಒಂದನ್ನಾದರೂ ಇವಳು ಎತ್ತಿಟ್ಟುಕೊಳ್ಳಬಾರದಿತ್ತೇ? ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಜ್ಜಿ ಬಹಳ ವರ್ಷ ಬದುಕಿದಳು. ಅವಳು ತೀರಿಕೊಂಡಾಗ ಮಾತಾಡಿಸಿಕೊಂಡು ಹೋಗಲು ಮಾಸ್ಟರ್ ತನ್ನ ಹೆಂಡತಿಯೊಡನೆ ಬಂದ. ತಲೆ ನರೆತಿತ್ತು.

“ನಿಮ್ಮಂಥ ಮಗಳು ಎಲ್ಲಿ ಸಿಗ್ತಾಳೆ ಹೇಳಿ? ಅಮ್ಮನ ಹತ್ರ ಇರ್ಬೇಕು ಅಂತ ನೀವೇ ಆಸೆಪಟ್ರಿ. ಅದಕ್ಕೇ ನಾನು ಇನ್ನೊಂದು ಸಲ ಕೇಳ್ಲಿಲ್ಲ.”

ಅತ್ತೆ ಅವನ ಮುಖವನ್ನೇ ನೋಡಿದಳು. ಅವನ ಹೆಂಡತಿಗೆ ಇನ್ನೊಂದು ಲೋಟ ನೀರು ಕೊಟ್ಟಳು.

ಅವರು ಹೋದ ಮೇಲೆ ಅಪ್ಪ ಅಜ್ಜಿಯ ಕೋಣೆಯನ್ನು ಕಣ್ಣಲ್ಲೇ ಅಳೆದ. “ಇನ್ನು ಈ ರೂಮು ಮಗನಿಗಾಗತ್ತೆ,” ಎಂದು ನನ್ನ ತಮ್ಮನನ್ನು ನೋಡಿ, ತಂಗಿಯ ಕಡೆ ತಿರುಗಿ ದೊಡ್ಡ ಮನಸ್ಸು ಮಾಡಿದ: “ನೀನೇನೂ ಯೋಚ್ನೆ ಮಾಡ್ಬೇಡ. ಬೇಕಾದ್ರೆ ಇಲ್ಲೇ ಇರಬಹುದು. ಅಡುಗೆಮನೆ ಪಕ್ಕ ಜಾಗ ಇದೆಯಲ್ಲ.”

ಆ ಮನೆಯಲ್ಲಿ ಅವಳ ಪಾಲಿಗೆ ಬಂದ ಮೊದಲ ‘ಬಹುದು’ ಅದು.

“ನಾನು ಹೋಗ್ಬೇಕು,” ಎಂದಳು ಅತ್ತೆ.

“ಹೋಗ್ಲೇಬೇಕು ಅಂತ ಯಾರು ಹೇಳಿದ್ರೇ ನಿಂಗೆ?” ಅಪ್ಪನಿಗೆ ನಿಜವಾಗಿಯೂ ಬೇಸರವಾಗಿತ್ತು. “ಅದೂ ಎಲ್ಲಿಗೆ?”

ಅವಳಿಗೆ ಆಸೆಯೂ ಇರಬಹುದು ಎಂಬುದು ಅವನ ತಲೆಗೇ ಹೋಗಲಿಲ್ಲ. ಅತ್ತೆ ಬಗ್ಗಿ ಅಜ್ಜಿಯ ಹಾಸಿಗೆ ಸುತ್ತತೊಡಗಿದಳು.

“ಲೇ,” ಎಂದ ಅಪ್ಪ, “ಅದಾದ್ಮೇಲೆ ಒಂದ್ಲೋಟ ಕಾಫಿ ಮಾಡು.”