ಠಕ್ ಎಂದು ಕೂತ ಕಲ್ಲು

ಬೇಸಿಗೆ ರಜೆಯಲ್ಲಿ ಕೈ ಸುಮ್ಮನಿರದೆ ಫೋನಿಗೊಂದು ಆಟ ಮಾಡಿದೆ. ಚಿತ್ರದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ನಾನು. ಬರೀ ಹೇಳಿದ್ದೇ ಆಯಿತು, ಮಾಡಿಯೂ ನೋಡೋಣ ಎಂಬ ಹಟ. ಚೌಕದ ಮನೆಗಳಲ್ಲಿ ತುಂಬಿದ ಕಲ್ಲುಗಳನ್ನು ಖಾಲಿ ಮನೆಗೆ ಸರಿಸುತ್ತ ದೊಡ್ಡ ಬಂಡೆಯನ್ನು ಬಾಗಿಲಿಗೆ ತರಬೇಕು. ಬೆರಳಿನಿಂದ ಎಳೆದರೂ ಕಲ್ಲು ಸರಿಯುತ್ತದೆ, ಬರಿದೆ ಮುಟ್ಟಿದರೂ ಪಕ್ಕದ ಖಾಲಿ ಮನೆಗೆ ಹೋಗುತ್ತದೆ.

ಮೊದಲು ಆಡಿದವರು ನಮ್ಮತ್ತೆ. ತಮ್ಮೂರು ತಾಳ್ಯದಲ್ಲಿದ್ದಾಗ, ಕಲ್ಲು ನಡೆಸುವ ಹುಲಿ-ಕುರಿ ಆಟದಲ್ಲಿ ಗಂಡಸರನ್ನೂ ಸೋಲಿಸಿ ಎಬ್ಬಿಸಿದವರು. ಅಂಥವರು ಯಾಕೋ ಫೋನು ಕೆಳಗಿಟ್ಟು ಮಂಕಾಗಿ ಕೂತರು. ಒಂದು ಬೆಳಿಗ್ಗೆ ಅಡುಗೆಮನೆಯಿಂದಲೇ ಹೊರಬಂದರು.

"ಒಲೆ ಇನ್ನು ನೀನೇ ನೋಡ್ಕಳವ್ವ. ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ನಂಗೂ ಹತ್ತೈತೆ. ಸರಿಸಿದ ಕಲ್ಲು ತಿರುಗಿ ನೋಡಿದ್ರೆ ಮೊದ್ಲಿನ ಮನ್ಯಾಗೇ ಇರ್ತೈತೆ. ನಾಳೆ ಗ್ಯಾಸ್ ಆರ್ಸೋದು ಮರೆತ್ರೆ?"

ಯಾವ ಡಬ್ಬಿಯಲ್ಲಿ ಏನಿದೆ, ಯಾರ ಮಾತ್ರೆ ಯಾವ ಹೊತ್ತಿಗೆ ಎಂದು ನಮಗೆಲ್ಲ ನೆನಪಿಸುವವರೇ ಅವರು. ಅವತ್ತು ನಾನು ತಿರುವಿದ ಮುದ್ದೆಯ ಗಂಟುಗಳನ್ನು ನನ್ನ ಗಂಡ ನೀರು ಕುಡಿಯುತ್ತ ನುಂಗಿದರು.

"ಒಂದ್ಸಲ ನನ್ನ ಮುಂದೆ ಆಡ್ರಿ ಅತ್ತೆ" ಎಂದು ಕಾಡಿ ಕೂರಿಸಿದೆ. ಅವರು ಕಲ್ಲನ್ನು ಎಳೆದರು, ಬೆರಳ ತುದಿಯಿಂದ ಅದರ ತಲೆಗೊಂದು ಕುಟ್ಟಿದರು. ಅಷ್ಟರಲ್ಲಿ ಕಣ್ಣು ಮುಂದಿನ ಕಲ್ಲಿಗೆ ಹೋಗಿತ್ತು. ಕುಟ್ಟಿಸಿಕೊಂಡದ್ದು ಕಳ್ಳನ ಹಾಗೆ ಹಳೆಯ ಮನೆಗೆ ವಾಪಸು ಹೋಯಿತು.

"ಯಾಕೆ ಕುಟ್ತೀರಿ?"

"ಕುಟ್ಟದೆ? ಕುಟ್ಟಿದ್ರೇ ನಡೆ ಖಾಯಂ. ಆಮೇಲೆ ಯಾರೂ ಹಿಂದಕ್ಕೆ ತಗಳಂಗಿಲ್ಲ. ನಮ್ಮೂರಾಗೆ ಹುಲಿ-ಕುರಿ ಆಡೋದು ಹಂಗೇ."

ಅವರು ಖಾಯಂ ಮಾಡಿದ್ದನ್ನು ನನ್ನ ಆಟ ಇನ್ನೊಂದು ನಡೆ ಎಂದುಕೊಂಡಿತ್ತು. ಪಕ್ಕದ ಖಾಲಿ ಮನೆಯೆಂದರೆ ಕಲ್ಲು ಆಗತಾನೆ ಬಿಟ್ಟುಬಂದದ್ದೇ. ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದೆ. ಅಲ್ಲೇ ಲ್ಯಾಪ್‌ಟಾಪ್ ತೆಗೆದು, ಎಳೆದರೆ ಮಾತ್ರ ಕಲ್ಲು ಸರಿಯುವಂತೆ ತಿದ್ದಿದೆ. ಕುಟ್ಟಿದರೆ ಬರೀ ಸದ್ದು ಬರಲಿ ಎಂದು ಅದನ್ನೂ ಸೇರಿಸಿದೆ.

ಅತ್ತೆ ಎಳೆದರು, ಕುಟ್ಟಿದರು. ಠಕ್. ಕಲ್ಲು ಕದಲಲಿಲ್ಲ. ಬಂಡೆ ಬಾಗಿಲು ಮುಟ್ಟುವವರೆಗೂ ಅವರು ತಲೆ ಎತ್ತಲಿಲ್ಲ.

"ಅಂದ್ರೆ ನನ್ನ ತಲೆ ನೆಟ್ಟಗೈತೆ?"

"ನೆಟ್ಟಗೈತೆ ಅತ್ತೆ. ಕೆಟ್ಟಿದ್ದು ನನ್ನ ಆಟ."

"ಹಂಗಾದ್ರೆ ನೀನಿನ್ನು ಒಲೆ ತಂಟೆಗೆ ಬರಬ್ಯಾಡ. ನಿನ್ನ ಗಂಟುಮುದ್ದೆ ತಿಂದು ನನ್ನ ಮಗ ಸೊರಗ್ಯಾನೆ" ಎಂದವರೇ ಫೋನನ್ನು ನನ್ನ ಮಡಿಲಿಗೆ ಹಾಕಿ, ನೆತ್ತಿಗೊಂದು ಮೆಲ್ಲಗೆ ಕುಟ್ಟಿ, ಎಸರಿಡಲು ಎದ್ದರು.