ಮೈಕಿನಲ್ಲಿ ಮೂರು ಸಲ

ಮಸ್ಕಿಯ ಗ್ಯಾನಪ್ಪನನ್ನು ಇಪ್ಪತ್ತೇಳು ವರ್ಷ ಜನ 'ಏ ಬ್ಯಾಂಡಿನಂವ' ಎಂದೇ ಕರೆದರು. ಹೆಣ್ಣಿನ ಕಡೆಯವರು ಹಾಗೆ ಕರೆದರು, ಗಂಡಿನ ಕಡೆಯವರು ಹಾಗೆ ಕರೆದರು, ಕೊನೆಯ ಪಂಕ್ತಿಯಲ್ಲಿ ಬಡಿಸುವವರೂ ಹಾಗೆಯೇ ಕರೆದರು. ಅವನು ಕ್ಲಾರಿನೆಟ್ ಬಾಯಿಗಿಟ್ಟರೆ ಮದುಮಗನ ಕುದುರೆ ಹೆಜ್ಜೆ ಬದಲಿಸುತ್ತಿತ್ತು ಎಂದು ಹೇಳುವವರು ಈಗಲೂ ಇದ್ದಾರೆ. ಕುದುರೆಯ ಮಾತು ಸುಳ್ಳಿರಬಹುದು. ಕುಡಿದು ಕುಣಿಯುತ್ತಿದ್ದವರು ಕುಣಿತ ಬಿಟ್ಟು ನಿಂತು ಕೇಳುತ್ತಿದ್ದುದು ಮಾತ್ರ ನಿಜ. ಕೇಳಿ ತಲೆದೂಗಿ, ಮತ್ತೆ, 'ಏ ಬ್ಯಾಂಡಿನಂವ, ಇನ್ನೊಂದು ಹಚ್ಚು' ಎನ್ನುತ್ತಿದ್ದರು.

ಮಸ್ಕಿಯ ಬಂಡೆಯ ಮೇಲೆ ಎರಡು ಸಾವಿರ ವರ್ಷದಿಂದ ಒಬ್ಬ ಅರಸನ ಹೆಸರಿದೆ. ಆ ಊರಿನಲ್ಲಿ ಅಂಗಡಿಗೂ ಅಶೋಕ, ಹೋಟೆಲಿಗೂ ಅಶೋಕ. ಗ್ಯಾನಪ್ಪನ ಎಂಟು ಜನರ ತಂಡಕ್ಕೂ ಅಶೋಕ ಬ್ಯಾಂಡ್ ಕಂಪನಿ ಎಂದೇ ಹೆಸರು. ಗ್ಯಾನಪ್ಪನಿಗೆ ಬಂಡೆಯ ಆಸೆ ಇರಲಿಲ್ಲ. ಒಂದು ಸಲ, ತುಂಬಿದ ಜನರ ಮುಂದೆ, ಮೈಕಿನಲ್ಲಿ ಯಾರಾದರೂ ತನ್ನ ಹೆಸರನ್ನು ಅಪ್ಪನ ಹೆಸರು ಸಮೇತ ಕರೆಯಬೇಕು, ಅಷ್ಟೇ. ಅದನ್ನು ಹೆಂಡತಿ ಪಾರ್ವತೆಮ್ಮನಿಗೆ ಹೇಳಿಕೊಂಡಾಗ ಅವಳು, "ನಾ ದಿನಾ ಕರಿಯಾಕತ್ತೀನಲ್ಲ, ಸಾಲವಲ್ದೇನು?" ಎಂದು ನಕ್ಕಿದ್ದಳು. ಗಂಡನ ಹೆಸರು ಹಿಡಿಯದ ಕಾಲದವಳು ಅವಳು. 'ಏನ್ರೀ' ಎನ್ನುವುದನ್ನೇ ಕರೆಯುವುದು ಎಂದುಕೊಂಡಿದ್ದಳು.

ಆಸೆ ಕೈಗೂಡದ್ದಕ್ಕೆ ಅವನ ಹಟವೂ ಕಾರಣ. ಉಳಿದ ಬ್ಯಾಂಡಿನವರು ಸಿನಿಮಾ ಹಾಡು ಬಾರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಇವನೂ ಮೆರವಣಿಗೆಯಲ್ಲಿ ಸಿನಿಮಾ ಹಾಡು ಊದುತ್ತಿದ್ದ, ಹೊಟ್ಟೆಪಾಡು. ಸ್ಪರ್ಧೆ ಎಂದರೆ ಮಾತ್ರ ತಾನೇ ಕಟ್ಟಿದ ಮಟ್ಟು ತೆಗೆಯುತ್ತಿದ್ದ. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಇದು ಯಾವ ಪಿಚ್ಚರಿಂದಪ್ಪ?"

"ಪಿಚ್ಚರಿಂದಲ್ರೀ. ನಂದರಿ."

ಅಲ್ಲಿಗೆ ಮೊದಲ ಬಹುಮಾನ ಮುಗಿದಂತೆ. ಎಂಬತ್ತೆರಡರಲ್ಲಿ ಮುದಗಲ್ಲಿನಲ್ಲಿ ಸಮಾಧಾನಕರ ಬಹುಮಾನವೆಂದು ಒಂದು ಸ್ಟೀಲಿನ ಡಬ್ಬಿ ಸಿಕ್ಕಿತು. ಪಾರ್ವತೆಮ್ಮ ಅದರಲ್ಲಿ ಬೆಲ್ಲ ತುಂಬಿಟ್ಟಳು. ಲಿಂಗಸುಗೂರಿನಲ್ಲಿ ಸಿಕ್ಕಿದ್ದು ಗೋಡೆ ಗಡಿಯಾರ, ಅದೂ ಸಮಾಧಾನಕರವೇ. ಎಂಬತ್ತೇಳರಲ್ಲಿ ಸಿಂಧನೂರಿನಲ್ಲಿ ಮೂರನೆಯ ಬಹುಮಾನದ ಶೀಲ್ಡು. ಎಲ್ಲ ಕಡೆಯೂ ಮೈಕಿನವನು, 'ಮಸ್ಕಿಯ ಬ್ಯಾಂಡಿನವರು ಎಲ್ಲಿದ್ದರೂ ಬಂದು ತೆಗೆದುಕೊಂಡು ಹೋಗಬೇಕು' ಎಂದು, ಮರೆತುಹೋದ ಚಪ್ಪಲಿಯ ಸುದ್ದಿ ಹೇಳಿದ ಹಾಗೆ ಹೇಳಿದ್ದ. ಗ್ಯಾನಪ್ಪ ಮೂರನ್ನೂ ಮನೆಗೆ ತಂದ. ಯಾವುದರ ಮೇಲೂ ಅವನ ಹೆಸರಿರಲಿಲ್ಲ.

ಎಂಬತ್ತೊಂಬತ್ತರ ಬೇಸಿಗೆಯ ಆರಂಭದಲ್ಲಿ ಸಿಂಧನೂರಿನ ಒಂದು ಯುವಕ ಸಂಘದವರಿಂದ ಕಾಗದ ಬಂತು. ಎರಡು ವರ್ಷ ಅಲ್ಲಲ್ಲಿ ಕೂತು ಕೇಳಿದ ಹಿರಿಯರು ಐದು ಜನ ಕ್ಲಾರಿನೆಟ್ ವಾದಕರನ್ನು ಆರಿಸಿದ್ದರು. ಐವರಲ್ಲಿ ಒಬ್ಬರಿಗೆ ಉತ್ತಮ ವಾದಕ ಎಂದು ಬಹುಮಾನ. ಗ್ಯಾನಪ್ಪನಿಗೆ ಓದಲು ಬರುತ್ತಿತ್ತು. ಆದರೂ ಕಾಗದವನ್ನು ಡ್ರಮ್ ಬಾರಿಸುವ ಚಾಂದ್‌ಪಾಷಾನ ಕೈಗೆ ಕೊಟ್ಟು, ಬಸ್ ನಿಲ್ದಾಣದ ಹೋಟೆಲಿನಲ್ಲಿ ಗಟ್ಟಿಯಾಗಿ ಓದಿಸಿದ.

"ಶ್ರೀ ಗ್ಯಾನಪ್ಪ ತಂದೆ ಬಸ್ಸಪ್ಪ, ಸಾಕಿನ್ ಮಸ್ಕಿ," ಎಂದು ಓದಿದ ಚಾಂದ್‌ಪಾಷಾ ತಲೆ ಎತ್ತಿದ. "ಶ್ರೀ ಅಂತ ಹಾಕ್ಯಾರಲೇ ನಿನಗ!"

"ಮುಂದ ಓದು."

"ಏಪ್ರಿಲ್ ಇಪ್ಪತ್ಮೂರಕ್ಕ, ಮಧ್ಯಾಹ್ನ ಹನ್ನೆರಡಕ್ಕ. ಹೆಸರು ಕರದಾಗ ಖುದ್ದು ಬಂದು ತೊಗೋಬೇಕು. ಬರದಿದ್ರ ಮುಂದಿನವರಿಗೆ ಕೊಡ್ತಾರಂತ."

"ಬರದs ಇರ್ತೀನೇನು ನಾ?" ಎಂದ ಗ್ಯಾನಪ್ಪ. ಆ ದಿನ ಹೋಟೆಲಿನಲ್ಲಿದ್ದವರಿಗೆಲ್ಲ ಚಹಾ ಹೇಳಿದ.

ಅವನು ಎಡವಿದ್ದು ಇಲ್ಲಿ. ಇಂಗ್ಲಿಷ್ ತಾರೀಖು ಅವನ ಕಿವಿಗೆ ಬಿತ್ತು, ಲೆಕ್ಕಕ್ಕೆ ಬರಲಿಲ್ಲ. ಅವನ ಇಡೀ ವರ್ಷ ನಡೆಯುತ್ತಿದ್ದುದು ಅಮಾವಾಸ್ಯೆ ಹುಣ್ಣಿಮೆಗಳ ಮೇಲೆ. ಕಾಗದ ಬಂದ ವಾರದಲ್ಲೇ ಗುರುಗುಂಟಾದಿಂದ ಯಮನೂರಮ್ಮ ಎಂಬ ಕುರಿ ಸಾಕುವ ಮನೆಯ ಹೆಣ್ಣುಮಗಳು ಬಂದು, ಮಗಳ ಮದುವೆಗೆ ಎಲೆ ಅಡಿಕೆ ಮುಂದೆ ಹಿಡಿದಳು. "ದವನದ ಹುಣ್ಣಿಮಿ ಆಗಿ ಮೂರನೇ ದಿನಕ್ಕ ಅಕ್ಕಿಕಾಳಿನ ಮುಹೂರ್ತ," ಎಂದಳು. ಗ್ಯಾನಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡ. ಎಲೆ ಅಡಿಕೆ ಹಿಡಿದರೆ ಮಾತು ಮುಗಿಯಿತು. ಹಿಡಿದ ಕೈಯೇ ಮದುವೆಗೆ ಬರಬೇಕು, ಬೇರೆಯವನನ್ನು ಕಳಿಸುವಂತಿಲ್ಲ. ಇದು ಅಪ್ಪ ಬಸ್ಸಪ್ಪನ ಕಾಲದಿಂದ ಗ್ಯಾನಪ್ಪನ ಮನೆಯ ಕಟ್ಟು. ಜ್ವರ ಬಂದಾಗಲೂ ಬಸ್ಸಪ್ಪ ಕಂಬಳಿ ಹೊದ್ದು ಹೋಗಿ ಊದಿ ಬಂದಿದ್ದ.

ಹುಣ್ಣಿಮೆಗೆ ಎಂಟು ದಿನ ಇದ್ದಾಗ ಚಾಂದ್‌ಪಾಷಾ ಹೋಟೆಲಿನ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದ, ಮತ್ತೆ ಎಣಿಸಿದ.

"ಗ್ಯಾನಪ್ಪ, ಎಲ್ಡೂ ಒಂದs ದಿನ ಬಿದ್ದಾವಲ್ಲಲೇ."

ಗ್ಯಾನಪ್ಪ ಚಹಾದ ಲೋಟ ಕೆಳಗಿಟ್ಟು ಎದ್ದ. ತಾನೂ ಹೋಗಿ ಎಣಿಸಿದ. ತಪ್ಪು ಯಾರದ್ದೂ ಅಲ್ಲ, ತನ್ನದೇ. ಬೈಯಲು ಕೂಡ ಯಾರೂ ಸಿಗದಂಥ ತಪ್ಪು.

ಮರುದಿನವೇ ಗುರುಗುಂಟಾಕ್ಕೆ ಹೊರಟ. ಎಲೆ ಅಡಿಕೆ ಮರಳಿಸುವುದೆಂದರೆ ಮೂಗು ಕೊಯ್ದುಕೊಂಡಂತೆ, ಆದರೂ ಕೇಳಿಯೇ ಬಿಡುವುದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡ. ಯಮನೂರಮ್ಮ ಅಂಗಳದಲ್ಲಿ ಹಂದರದ ಗಳ ನಿಲ್ಲಿಸುತ್ತಿದ್ದಳು. ಮನೆಯಲ್ಲಿ ಗಂಡಸು ಇರಲಿಲ್ಲ. ಗಂಡ ತೀರಿ ಆರು ವರ್ಷ. ಇವನನ್ನು ಕಂಡವಳೇ ಕೈ ಒರೆಸಿಕೊಂಡು ಬಂದಳು.

"ಬಾರಣ್ಣಾ ಬಾ. ಬೀಗರು ಟೇಪ್‌ರಿಕಾರ್ಡ್ ಹಚ್ಚೂನು, ಬ್ಯಾಂಡ್ ಯಾಕ ಅಂದ್ರು. ನಾ ಒಪ್ಪಲಿಲ್ಲ. ಮುದಗಲ್ದಾಗ ನಮ್ಮ ತಂಗಿ ಮದುವಿಗೆ ನೀ ಒಂದು ಊದಿದ್ದಿ. ಮನಿಯವರು ಇನ್ನಾ ಇದ್ರು. ನಮ್ಮ ಮಗಳಿಗೂ ಇದನs ಊದಸೂನು ಅಂದಿದ್ರು ನನ್ನ ಕೂಡ. ಯಾವ ಪಿಚ್ಚರಿಂದೋ, ಹೆಸರು ಗೊತ್ತಿಲ್ಲ."

ಅವಳು ಆ ಮಟ್ಟನ್ನು ಬಾಯಲ್ಲೇ ಗುನುಗಿ ತೋರಿಸಿದಳು. ತುಸು ತಪ್ಪಿತ್ತು. ಆದರೆ ಅದು ಗ್ಯಾನಪ್ಪನದೇ ಮಟ್ಟು. ಅವನು ತಿರುಗಿ ಹಂದರದ ಕಡೆ ನೋಡಿದ.

"ಏನರ ಹೇಳಾಕ ಬಂದಿದ್ದೇನಣ್ಣಾ?"

"ಏನಿಲ್ಲಬೇ. ಹಂದರ ಯಾವ ಕಡಿ ಮುಖ ಐತಿ, ನೋಡಿ ಹೋಗೂನು ಅಂತ ಬಂದೆ," ಎಂದ.

ಇಪ್ಪತ್ತಮೂರರ ಬೆಳಿಗ್ಗೆ ಮಸ್ಕಿಯ ರಸ್ತೆಯಲ್ಲಿ ಗ್ಯಾನಪ್ಪ ತನ್ನ ಆರು ಜನರೊಂದಿಗೆ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಿದ್ದ. ಎದುರು ಬದಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಾಂದ್‌ಪಾಷಾ ಸಿಂಧನೂರಿನ ಬಸ್ಸಿಗೆ ನಿಂತಿದ್ದ. ಗೆಳೆಯನ ಪರವಾಗಿ ಸಂಘದವರನ್ನು ಕೇಳಿಕೊಂಡು ಬರುವುದಾಗಿ ಅವನೇ ಹೇಳಿದ್ದ. ಸಿಂಧನೂರಿನ ಬಸ್ಸು ಮೊದಲು ಬಂತು. ಅದು ಕಣ್ಮರೆಯಾಗುವವರೆಗೂ ಗ್ಯಾನಪ್ಪ ನೋಡುತ್ತಲೇ ಇದ್ದ. ಓಡಿಹೋಗಿ ಹತ್ತಿಬಿಡಬೇಕು ಎಂದು ಅವನ ಕಾಲಿಗೆ ಅನ್ನಿಸಿತ್ತು, ಸುಳ್ಳು ಯಾಕೆ.

ಗುರುಗುಂಟಾದಲ್ಲಿ ಹನ್ನೆರಡಕ್ಕೆ ಅಕ್ಕಿಕಾಳು ಬಿತ್ತು. ಗ್ಯಾನಪ್ಪ ಕಣ್ಣು ಮುಚ್ಚಿ ತನ್ನ ಮಟ್ಟು ಊದಿದ. ಅಂಥ ಊದು ಅವನು ಹಿಂದೆಂದೂ ಊದಿರಲಿಲ್ಲ, ಮುಂದೆಯೂ ಊದಲಿಲ್ಲ ಎಂದು ಜೊತೆಗಿದ್ದವರು ಹೇಳುತ್ತಾರೆ. ಯಮನೂರಮ್ಮ ಕಂಬ ಹಿಡಿದು ಅತ್ತಳು. ಊದುತ್ತ ಊದುತ್ತ ಅವನಿಗೆ ಒಂದೇ ಯೋಚನೆ: ಈಗ ಕರೆಯುತ್ತಿರಬಹುದೇ? ಇಲ್ಲ, ಈಗ? ಊಟದ ಹೊತ್ತಿಗೆ ಯಾರೋ, "ಏ ಬ್ಯಾಂಡಿನಂವ, ನಿಮ್ಮ ಮಂದಿ ಕಡೀಗೆ ಕುಂದರ್ರಿ," ಎಂದರು. ಅವನು ಹೋಗಿ ಕೂತ.

ಸಂಜೆ ಮಸ್ಕಿಯಲ್ಲಿ ಇಳಿದಾಗ ಚಾಂದ್‌ಪಾಷಾ ಹೋಟೆಲಿನ ಬೆಂಚಿನ ಮೇಲೆ ಬರಿಗೈಯಲ್ಲಿ ಕೂತಿದ್ದ.

"ನಿನಗs ಬಂದಿತ್ತಲೇ," ಎಂದ. "ಐದು ಮಂದಿಯೊಳಗ ನಿನ್ನ ಹೆಸರs ಕರದ್ರು. ನಾ ಓಡಿ ಹೋಗಿ, ಅವ ಮದುವಿಗೆ ಹೋಗ್ಯಾನ್ರೀ, ನಾ ತೊಗೊಂಡು ಹೋಗ್ತೀನಿ ಅಂದೆ. ಖುದ್ದು ಬರಬೇಕು ಅಂದ್ರು. ಮತ್ತ ಮತ್ತ ಕರದ್ರು. ಮುಂದ ಇನ್ನೊಬ್ಬರಿಗೆ ಕೊಟ್ಟುಬಿಟ್ರು." ಬೆಂಚಿನ ಮೇಲೆ ಸರಿದು ಗೆಳೆಯನಿಗೆ ಜಾಗ ಮಾಡಿದ. "ನಾನs ಗ್ಯಾನಪ್ಪ ಅಂದಿದ್ರ ಮೊದಲs ಕೊಡ್ತಿದ್ರೋ ಏನೋ. ಅಲ್ಲಿ ನನ್ನ ಗುರ್ತು ಯಾರಿಗೈತಿ? ಆದ್ರ ನಾಲಗಿ ಹೊರಳಲಿಲ್ಲ. ಆ ಹೆಸರು ನಿಂದು."

ಗ್ಯಾನಪ್ಪ ಬೆಂಚಿನ ಮೇಲೆ ಕೂತ. ಬಹುಮಾನ ಏನಿತ್ತು, ಯಾರಿಗೆ ಹೋಯಿತು ಎಂದು ಕೇಳಲಿಲ್ಲ.

"ಎಷ್ಟು ಸಲ ಕರದ್ರು?"

"ಮೂರು ಸಲ."

"ಮೈಕಿನ್ಯಾಗ?"

"ಮೈಕಿನ್ಯಾಗs. ಬಸ್ ಸ್ಟ್ಯಾಂಡಿನ ತನಕ ಕೇಳ್ತಿತ್ತು."

ಅಲ್ಲಿದ್ದಿದ್ದರೆ ಒಂದೇ ಸಲ ಕರೆಯುತ್ತಿದ್ದರು. ಇಲ್ಲದ್ದಕ್ಕೆ ಮೂರು ಸಲ ಕರೆದಿದ್ದರು. ಆ ಮೂರನ್ನೂ ಕೇಳಬೇಕಾದ ಕಿವಿ ಮಾತ್ರ ಗುರುಗುಂಟಾದಲ್ಲಿತ್ತು. ಗ್ಯಾನಪ್ಪನಿಗೆ ನಗು ಬಂತೋ ಅಳು ಬಂತೋ ಚಾಂದ್‌ಪಾಷಾನಿಗೆ ತಿಳಿಯಲಿಲ್ಲ.

ಆ ಸಂಘ ಮತ್ತೊಮ್ಮೆ ಬಹುಮಾನ ಕೊಡಲಿಲ್ಲ. ಅದರ ಯುವಕರೆಲ್ಲ ಮದುವೆಯಾಗಿ ಅವರವರ ಗದ್ದೆ ನೋಡಿಕೊಂಡರು. ಗ್ಯಾನಪ್ಪ ಊದುತ್ತಲೇ ಇದ್ದ. ಮದುವೆಗಳ ಹಂಗಾಮು ಮುಗಿದಾಗೆಲ್ಲ ಒಂದು ದಿನ ಚಾಂದ್‌ಪಾಷಾನ ಮಗ್ಗುಲಿಗೆ ಕೂತು, "ಹೆಂಗ ಕರದ್ರು, ಹೇಳು," ಎನ್ನುತ್ತಿದ್ದ. ಚಾಂದ್‌ಪಾಷಾ ಹೇಳುತ್ತಿದ್ದ. ಇವನು ಕೇಳಿಸಿಕೊಂಡು ಎದ್ದು ಹೋಗುತ್ತಿದ್ದ.

ತೊಂಬತ್ತಾರರಲ್ಲಿ ಅವನ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ಹಲ್ಲಿಲ್ಲದೆ ಕ್ಲಾರಿನೆಟ್ ನಿಲ್ಲುವುದಿಲ್ಲ. ಲಿಂಗಸುಗೂರಿನಲ್ಲಿ ನಾಲ್ಕು ಹಲ್ಲು ಕೀಳಿಸಿಕೊಂಡು ಬಂದವನು ಮನೆಗೆ ಹೋಗಲಿಲ್ಲ. ಕೆನ್ನೆಗೆ ಟವೆಲ್ ಒತ್ತಿಕೊಂಡು ನೇರ ಹೋಟೆಲಿಗೆ ಬಂದ. ಇನ್ನು ಊದಲಾರ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಕರಿ," ಎಂದ.

ಚಾಂದ್‌ಪಾಷಾ ಈ ಸಲ ಹೇಳಲಿಲ್ಲ. ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಮೈಕಿನವನ ದನಿಯಲ್ಲೇ ಕರೆದ. "ಮಸ್ಕಿಯ ಶ್ರೀ ಗ್ಯಾನಪ್ಪ ತಂದೆ ಬಸ್ಸಪ್ಪ!" ಚಹಾ ಕುಡಿಯುತ್ತಿದ್ದವರು ತಿರುಗಿದರು. ಎರಡನೆಯ ಸಲ ಕರೆದಾಗ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತರು. ಮೂರನೆಯ ಸಲ ಚಾಂದ್‌ಪಾಷಾ ಬಸ್ ನಿಲ್ದಾಣದ ಆ ಕೊನೆಯ ತನಕ ಕೇಳುವಂತೆ ಕರೆದ.

ಗ್ಯಾನಪ್ಪ ಟವೆಲ್ ಕೆಳಗಿಟ್ಟು ಎದ್ದ. ಅಂಗಿ ಸರಿಮಾಡಿಕೊಂಡ.

"ಬಂದೆ ರೀ," ಎಂದ, ರಕ್ತ ಇನ್ನೂ ನಿಲ್ಲದ ಬಾಯಿಂದ. "ಇಲ್ಲೇ ಅದೀನ್ರೀ. ಬಂದೆ."