ಮಾಶಿಮಾ ಮುಟ್ಟದೆ ಬಿಟ್ಟ ಆವೃತ್ತಿಗಳು

ಹೂಗ್ಲಿ ನದಿಯ ಉಬ್ಬರವಿಳಿತದ ಲೆಕ್ಕಕ್ಕೆಂದು ನಾನು ಬರೆದಿದ್ದ ಪ್ರೋಗ್ರಾಂ ಹೊಸ ಲ್ಯಾಪ್‌ಟಾಪಿನಲ್ಲಿ ಬೇರೆಯೇ ಉತ್ತರ ಕೊಡತೊಡಗಿತು. ನಾನು ಒಂದಕ್ಷರವನ್ನೂ ಬದಲಿಸಿರಲಿಲ್ಲ. ಅದು ಬಳಸುತ್ತಿದ್ದ, ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಸಾಫ್ಟ್‌ವೇರ್ ಲೈಬ್ರರಿಗಳು ಮಾತ್ರ ಹೊಸ ಆವೃತ್ತಿಯವಾಗಿದ್ದವು. ಹಳೆಯವು ಯಾವುವೆಂದು ನಾನು ಎಲ್ಲೂ ಬರೆದಿಟ್ಟಿರಲಿಲ್ಲ.

ನನ್ನ ಪಿಎಚ್‌ಡಿ ಗೈಡ್ ಧಾರವಾಡದವರು. "ನಿನ್ನ ಕಂಪ್ಯೂಟರ್‌ನ್ಯಾಗ ಅಷ್ಟ ಬಂದ್ರ ಏನ್ ಬಂತವಾ? ನನ್ನದ್ರಾಗೂ ಅದ ಉತ್ತರ ಬರಬೇಕು," ಎಂದರು.

ಹಳೆಯ ಲ್ಯಾಪ್‌ಟಾಪನ್ನು ನಾವಿರುವ ಲೇಕ್ ಗಾರ್ಡನ್ಸ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯ ವಯಸ್ಸಾದ ಬಂಗಾಳಿ ಹೆಂಗಸಿಗೆ, ನಾವೆಲ್ಲ ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರಿಗೆ ಕೊಟ್ಟುಬಿಟ್ಟಿದ್ದೆ. ಅದರಲ್ಲಿ ಏನಾದರೂ ಬದಲಿಸಿದ್ದೀರಾ ಎಂದು ಅಳುಕುತ್ತಲೇ ಹೋಗಿ ಕೇಳಿದೆ. ಹಾಡು ಕೇಳುವುದು ಬಿಟ್ಟರೆ ಅದರಲ್ಲಿ ಬೇರೇನನ್ನೂ ಮುಟ್ಟಿಲ್ಲವೆಂದು ಅವರು ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಹೇಳಿ, ಚಹಾ ಮಂಡಕ್ಕಿ ತಂದಿಟ್ಟರು. ನಿಜಕ್ಕೂ ಎಲ್ಲ ಲೈಬ್ರರಿಗಳೂ ಹಾಗೆಯೇ ಇದ್ದವು. ಅಲ್ಲೇ ಕೂತು ಒಂದೊಂದರ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಒಂದು ಫೈಲಿಗೆ ಇಳಿಸಿಕೊಂಡೆ.

ಮರುದಿನ ಗೈಡ್ ಆ ಫೈಲಿನಲ್ಲಿದ್ದ ಆವೃತ್ತಿಗಳನ್ನೇ ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ಪ್ರೋಗ್ರಾಂ ಓಡಿಸಿದರು. ನನ್ನ ಹಳೆಯ ಗ್ರಾಫ್ ಗೆರೆಯೂ ಕದಲದೆ ಪರದೆಯ ಮೇಲೆ ಮೂಡಿತು.

"ಈಗ ನೋಡವಾ, ಇದು ಯಾರ ಕೈಯಾಗರ ಕೊಡು, ಅದ ಉತ್ತರ ಬರ್ತದ," ಎಂದರು.

ಸಂಜೆಯ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಬಾಗಿಲ ಬಳಿ ಗಾಳಿಗೆ ಮುಖವೊಡ್ಡಿ ನಿಂತು, ಹಾಯಾಗಿ ಮನೆಗೆ ಬಂದೆ.